ಪುಕ್ಕಲನ ಸಾಲಿನಲ್ಲಿ ಹದಿನಾಲ್ಕು ನಿಮಿಷ

ಹೆದರಿದವನ ಮಾತನ್ನು ಎಲ್ಲರಿಗಿಂತ ಮೊದಲು ದಾಟಿಸುವ ಯಂತ್ರ ಒಂದಿದ್ದರೆ ಕಡಲಿನಲ್ಲಿ ಯಾರೂ ಸಾಯುವುದಿಲ್ಲ ಎಂದು ಅದನ್ನು ತಂದವರು ನಂಬಿದ್ದರು. ಸುಳ್ಳು ಹೇಳಬಾರದು, ನಾನೂ ನಂಬಿದ್ದೆ. ಅಂಥದ್ದು ಬೇಕು ಎಂದು ಕೊಟ್ಟ ಅರ್ಜಿಯಲ್ಲಿ ಮೊದಲ ಸಹಿ ನನ್ನದೇ.

ನಮ್ಮ ಹೊಸಕೋಡಿ ಬಂದರಿನಲ್ಲಿ ಮುನ್ನೂರ ಹತ್ತು ಬೋಟುಗಳಿವೆ. ಅಷ್ಟಕ್ಕೂ ಮಾತಾಡಲು ಇರುವುದು ಒಂದೇ ಚಾನೆಲ್. ಬೋಟಿನ ವಯರ್‌ಲೆಸ್ಸಿಗೆ ಹೆಚ್ಚು ಶಕ್ತಿ ಇರುವುದಿಲ್ಲ, ಅದರ ಮಾತು ಸ್ವಲ್ಪ ದೂರ ಹೋಗುವಷ್ಟರಲ್ಲಿ ಸೊರಗುತ್ತದೆ. ಅದಕ್ಕಾಗಿ ಬಂದರಿನ ಹಿಂದಿನ ಗುಡ್ಡದ ಮೇಲೆ ರಿಪೀಟರ್ ಇಟ್ಟಿದ್ದಾರೆ. ಸೊರಗಿದ ಮಾತನ್ನು ಅದು ಹಿಡಿದು, ಬಲ ತುಂಬಿ, ಎಲ್ಲರಿಗೂ ಕೇಳುವಂತೆ ಮತ್ತೆ ಬಿಡುತ್ತದೆ. ಒಂದು ಸಲಕ್ಕೆ ಒಬ್ಬನ ಮಾತು ಮಾತ್ರ. ಇಬ್ಬರು ಒಟ್ಟಿಗೆ ಗುಂಡಿ ಒತ್ತಿದರೆ ಇಬ್ಬರದ್ದೂ ಹಾಳು, ಕೇಳುವವನಿಗೆ ಬರೀ ಕರಕರ ಸದ್ದು.

ಮೀನುಗಾರರ ಸಂಘದ ವಯರ್‌ಲೆಸ್ ಕೋಣೆಯಲ್ಲಿ ನಾನು ಕೂತು ಮೂವತ್ತೊಂದು ವರ್ಷವಾಯಿತು. ಹೊಸದಾಗಿ ಬೋಟು ನಡೆಸುವ ತಾಂಡೇಲನಾದ ಪ್ರತಿಯೊಬ್ಬನನ್ನೂ ಅಲ್ಲಿಗೆ ಕರೆಸಿ ಎರಡು ಪಾಠ ಹೇಳುತ್ತಿದ್ದೆ. ಒಬ್ಬನ ಮಾತು ಮುಗಿದ ಮೇಲೆ ಮೂರು ಉಸಿರು ಬಿಟ್ಟು ಗುಂಡಿ ಒತ್ತಬೇಕು. ಬ್ಯಾಟರಿ ಸೋತವನು, ಬಹಳ ದೂರ ಇರುವವನು ಆ ಎಡೆಯಲ್ಲಿ ಬಾಯಿ ಹಾಕಲಿ ಎಂದು. ಹಿಡಿದ ಮೀನಿನಲ್ಲಿ ಎಲ್ಲರಿಗೂ ಪಾಲು ಇರುವ ಹಾಗೆ ಇದಕ್ಕೂ ‘ದೂರದವನ ಪಾಲು’ ಎಂದೇ ಹೆಸರು. ಎರಡನೆಯದು, ಕಷ್ಟ ಹೆಚ್ಚಿದಷ್ಟೂ ದನಿ ಇಳಿಯಬೇಕು. ಕೂಗಿದರೆ ಸೆಟ್ಟಿನೊಳಗೆ ಮಾತು ಒಡೆಯುತ್ತದೆ. ಯಾರು, ಎಲ್ಲಿ, ಏನಾಯಿತು, ಎಷ್ಟು ಜನ. ಇಷ್ಟನ್ನು ಮಗುವಿಗೆ ಅನ್ನ ಉಣಿಸುವ ಹಾಗೆ ಒಂದೊಂದೇ ತುತ್ತಾಗಿ ಕೊಡಬೇಕು.

ಈ ಪಾಠವನ್ನು ಎಲ್ಲರಿಗಿಂತ ಚೆನ್ನಾಗಿ ಕಲಿತವನು ನನ್ನ ತಂಗಿ ಪದ್ದುವಿನ ಮಗ ಉದಯ. ನಮ್ಮಲ್ಲಿ ತಂಗಿಯ ಮಗ ಎಂದರೆ ಮನೆಯ ಮಗನೇ. ಅವನು ‘ಮಹಾಸತಿ’ ಬೋಟಿನ ತಾಂಡೇಲನಾಗಿ ಹನ್ನೊಂದು ವರ್ಷ. ಒಂದು ಮಾತನ್ನು ಅವನು ಎರಡು ಸಲ ಹೇಳಿದ್ದು ನಾನು ಕೇಳಿಲ್ಲ.

ಉಳಿದವರು ಹಾಗಿರಲಿಲ್ಲ. ಚಾನೆಲ್ಲಿನಲ್ಲಿ ಸಿನಿಮಾ ಹಾಡು, ಕ್ರಿಕೆಟ್ಟಿನ ಸ್ಕೋರು, ಯಾರ ಮದುವೆಯ ಊಟದಲ್ಲಿ ಉಪ್ಪು ಕಡಿಮೆ ಎಂಬ ಚರ್ಚೆ. ಒಬ್ಬ ತಾಂಡೇಲ ಮೈಕನ್ನು ದಿಂಬಿನ ಅಡಿ ಇಟ್ಟು ಮಲಗಿದ. ಗುಂಡಿ ಒತ್ತಿಕೊಂಡು, ಮೂರು ತಾಸು ಇಡೀ ಕಡಲಿಗೆ ಅವನ ಗೊರಕೆ. ಯಾರಿಗಾದರೂ ಆಗ ಜೀವ ಹೋಗುವ ಹೊತ್ತಾಗಿದ್ದರೆ? ಸಂಘದ ಸಭೆಯಲ್ಲಿ ಹೇಳಿದೆ, ನಕ್ಕರು. ಮತ್ತೆ ಹೇಳಿದೆ, ಚಹಾ ಕುಡಿದು ಎದ್ದರು. ಆಮೇಲೆ ಅರ್ಜಿ ಬರೆಸಿದೆ.

ಆಗಸ್ಟ್ ಒಂದಕ್ಕೆ, ಬೋಟುಗಳು ಮಳೆಗಾಲದ ರಜೆ ಮುಗಿಸಿ ಇಳಿಯುವ ದಿನ, ಹೊಸ ಯಂತ್ರ ಗುಡ್ಡ ಹತ್ತಿತು. ಜೊತೆಗೆ ಇಂಜಿನಿಯರ್ ನಿರುಪಮಾ ಎಂಬವರು ಬಂದರು. ಶಿವಮೊಗ್ಗ ಕಡೆಯವರು, ನಲವತ್ತರ ಹತ್ತಿರ, ಮಾತಾಡುವಾಗ ಎದುರಿನವರ ಮುಖ ನೋಡುವ ಹೆಂಗಸು. ನನಗೆ ತಿಳಿಯುವ ಹಾಗೆ ಹೇಳಿದರು.

“ನೋಡಿ ಅಜ್ಜ, ಇದು ಒಂದೇ ಸಲಕ್ಕೆ ಐವತ್ತು ಜನರ ಮಾತನ್ನು ಬೇರೆ ಬೇರೆಯಾಗಿ ಹಿಡಿಯುತ್ತೆ. ಹಿಡಿದು ಇಟ್ಕೊಳ್ಳುತ್ತೆ. ಹೆದರಿದ ಮನುಷ್ಯನ ಗಂಟಲಿನ ತಂತಿ ಬಿಗಿಯಾಗುತ್ತೆ, ಉಸಿರು ತುಂಡಾಗುತ್ತೆ. ಅದನ್ನು ತೂಗಿ, ಯಾರಿಗೆ ಹೆಚ್ಚು ಭಯವೋ ಅವರನ್ನು ಮೊದಲು ಬಿಡುತ್ತೆ. ಉಳಿದವರು ಸಾಲಿನಲ್ಲಿ ಕಾಯಬೇಕು.”

“ಹೆದ್ರದೆ ಇಪ್ಪವ ಎಂತ ಮಾಡ್ಕ್?” ಎಂದೆ.

“ಹೆದರಿಲ್ಲ ಅಂದ್ರೆ ಅವರಿಗೆ ಅವಸರ ಇಲ್ಲ ಅಂತ ತಾನೇ?” ಎಂದು ನಕ್ಕರು.

ಬೋಟಿನ ಸೆಟ್ಟುಗಳನ್ನೂ ಬದಲಿಸಿದರು. ಮೊದಲು ಅಕ್ಕಪಕ್ಕದ ಬೋಟುಗಳು ನೇರವಾಗಿ ಮಾತಾಡಬಹುದಿತ್ತು. ಈಗ ಎಲ್ಲವೂ ಗುಡ್ಡ ಹತ್ತಿಯೇ ಇಳಿಯಬೇಕು. ಸಾಲನ್ನು ಕೈಯಿಂದ ಹಿಂದೆ ಮುಂದೆ ಮಾಡುವ ಅಧಿಕಾರ ನನಗೆ ಇಡಲಿಲ್ಲ. ಕೂತವರು ತಮ್ಮವರನ್ನು ಮುಂದೆ ಬಿಡುತ್ತಾರೆ ಎಂಬ ಅನುಮಾನ. ಸರದಿ ಬರುವವರೆಗೆ ಸಾಲಿನಲ್ಲಿರುವ ಮಾತನ್ನು ಕೇಳುವಂತೆಯೂ ಇಲ್ಲ. ನನ್ನ ಮುಂದೆ ಒಂದು ಪರದೆ, ಅದರಲ್ಲಿ ಬೋಟುಗಳ ಹೆಸರು ಮಾತ್ರ.

ಎರಡನೆಯ ವಾರದಲ್ಲಿ ಒಬ್ಬನ ಕಾಲು ಬಲೆ ಎಳೆಯುವ ಹಗ್ಗಕ್ಕೆ ಸಿಕ್ಕಿತು. ಅವನ ಚೀರಾಟ ಕ್ಷಣದಲ್ಲಿ ಬಂತು, ಪಕ್ಕದ ಬೋಟು ಓಡಿತು, ಕಾಲು ಉಳಿಯಿತು. ಅದನ್ನು ನಾನು ಮರೆಯುವುದಿಲ್ಲ. ಯಂತ್ರಕ್ಕೆ ನಮ್ಮವರು ‘ಪುಕ್ಕಲ’ ಎಂದು ಹೆಸರಿಟ್ಟರು. ಪ್ರೀತಿಯಿಂದಲೇ.

ಕೆಟ್ಟಿದ್ದು ಆಮೇಲೆ. ‘ಜಲದುರ್ಗೆ’ ಬೋಟಿನ ತಾಂಡೇಲ ಶೇಷು ಎಂಬವನು ಎಲ್ಲರಿಗಿಂತ ಮೊದಲು ಕಂಡುಹಿಡಿದ. ಒಂದು ಬೆಳಿಗ್ಗೆ ಕೋಣೆಯ ಸ್ಪೀಕರಿನಲ್ಲಿ ಸಾಯುವವನ ದನಿ. “ಅಯ್ಯಯ್ಯೋ... ಹೊಸಕೋಡೀ... ದಮ್ಮಯ್ಯ... ಒಂದ್ ಗಳಿಗಿ ಕೇಣಿ...” ನಾನು ಕುರ್ಚಿಯಿಂದ ಎದ್ದು ನಿಂತೆ. “...ಸಂಜಿಗೆ ಐಸ್ ಹೆಚ್ಚ್ ಬೇಕಾತ್ತ್, ಹೇಳಿ ಇಡಿ.”

ಇಡೀ ಚಾನೆಲ್ಲೇ ನಕ್ಕಿತು. ಮರುದಿನ ಹತ್ತು ಜನ ಹಾಗೆ ಅಳುತ್ತಿದ್ದರು. ವಾರದಲ್ಲಿ ಎಲ್ಲರೂ. ಡೀಸೆಲ್ಲಿಗೆ ಅಳು, ಬಂಗುಡೆ ಎಲ್ಲಿ ಎದ್ದಿದೆ ಎಂದು ಕೇಳಲು ಅಳು, ಮನೆಗೆ ಬಾಳೆಹಣ್ಣು ತರಬೇಕೋ ಎಂದು ಕೇಳಲು ಎದೆ ಒಡೆದ ಗೋಳು. ಮೊದಲು ಬಂದರಿನ ಮನೆಮನೆಯಲ್ಲೂ ಹೆಂಗಸರು ರೇಡಿಯೋ ಹಚ್ಚಿ ಚಾನೆಲ್ ಕೇಳುತ್ತ ಮೀನು ಕೊಯ್ಯುತ್ತಿದ್ದರು. ಗಂಡಂದಿರ ದನಿ ಕೇಳಿದರೆ ಒಂದು ಸಮಾಧಾನ. ಈಗ ಒಬ್ಬೊಬ್ಬರೇ ಆರಿಸಿಟ್ಟರು. ಪದ್ದು ರೇಡಿಯೋಕ್ಕೆ ಬಟ್ಟೆ ಹೊದಿಸಿ, “ಹೆಣ ಬಿದ್ದ್ ಮನಿ ಆಯ್ತಲ್ಲ ಅಣ್ಣ ಇದ್” ಎಂದಳು. ಉದಯನ ಐದು ವರ್ಷದ ಮಗಳು ಊಟಕ್ಕೆ ಕೂತು, ಕಣ್ಣು ಮೇಲೆ ಮಾಡಿ, “ಅಯ್ಯಯ್ಯೋ ದಮ್ಮಯ್ಯ, ಹಪ್ಪಳ...” ಎನ್ನುತ್ತಿತ್ತು. ಉದಯ ನಗುತ್ತಿದ್ದ. ಅವನು ಮಾತ್ರ ಅಳುವುದನ್ನು ಕಲಿಯಲಿಲ್ಲ.

ನಾನೂ ಕಲಿಯಲಿಲ್ಲ. ಒಂದು ದಿನ ಹವಾಮಾನದವರು ಪಡುಗಾಳಿಯ ಎಚ್ಚರಿಕೆ ಕೊಟ್ಟರು. ಅದನ್ನು ನನ್ನ ರೂಢಿಯ ದನಿಯಲ್ಲಿ ಹೇಳಿದೆ. ಪುಕ್ಕಲ ನನ್ನನ್ನು ಇಪ್ಪತ್ತಮೂರನೆಯವನಾಗಿ ನಿಲ್ಲಿಸಿದ. ಗಾಳಿ ಬರುತ್ತದೆ ಎಂಬ ನನ್ನ ಮಾತು ಬೋಟುಗಳಿಗೆ ಮುಟ್ಟುವಾಗ ಗಾಳಿ ಬಂದು ಹೋಗಿತ್ತು.

ನಿರುಪಮಾ ಅವರ ಮುಂದೆ ಹೋಗಿ ನಿಂತೆ. ಬೇಸರವನ್ನು ನುಂಗಿಕೊಂಡೇ ಹೇಳಿದೆ.

“ಸ್ವಲ್ಪ ಗಾಬರಿಯಿಂದ ಹೇಳಿ ಅಜ್ಜ, ಸದ್ಯಕ್ಕೆ,” ಎಂದರು. “ಮುಂದಿನ ತಿಂಗಳು ತಿದ್ದುಪಡಿ ಬರುತ್ತೆ. ನಿಜವಾದ ಭಯ ಯಾವುದು, ನಟನೆ ಯಾವುದು ಅಂತ ಅದೇ ಕಲಿಯುತ್ತೆ.”

ಸೆಪ್ಟೆಂಬರಿನಲ್ಲಿ ತಿದ್ದುಪಡಿ ಬಂತು. ಸುಳ್ಳು ಅಳುವವರ ಹೆಸರಿನ ಮುಂದೆ ಪರದೆಯಲ್ಲಿ ಕೆಂಪಾಗಿ ‘ನಟನೆ’ ಎಂದು ಬೀಳತೊಡಗಿತು, ಅವರು ಸಾಲಿನ ಕೊನೆಗೆ ಹೋದರು. ಎರಡು ದಿನ ಚಾನೆಲ್ಲಿನಲ್ಲಿ ಎಂಥ ಶಾಂತಿ! ಮೂರನೆಯ ದಿನ ಶೇಷು ಮತ್ತೆ ಮುಂದೆ ಬಂದ. ಬಂದರಿಗೆ ಬಂದಾಗ ಅವನನ್ನು ಹಿಡಿದು ಕೇಳಿದೆ.

“ಹ್ಯಾಂಗಾ ಶೇಷು? ಅದ್ಕ್ ನಿನ್ ಸುಳ್ಳ್ ಗೊತ್ತಾತ್ತಿಲ್ಯಾ?”

“ಸುಳ್ಳಲ್ಲ ಹೆರಿಯಣ್ಣ. ಗುಂಡಿ ಒತ್ತುಕ್ ಮೊದ್ಲ್ ನನ್ ಅಬ್ಬಿ ಸತ್ತ್ ದಿನ ನೆನಸ್ಕಂತೆ. ಅಳು ತನ್ನಿಂದ್ ತಾನೇ ಬತ್ತ್. ಐಸೂ ಬತ್ತ್.”

“ಹೆತ್ತ ತಾಯಿನ್ ಐಸಿಗ್ ನೆನ್ಸುಕ್ ನಾಚ್ಕಿ ಆತ್ತಿಲ್ಯಾ ನಿಂಗೆ?”

“ಎಲ್ಲರೂ ಹಾಂಗೇ ಮಾಡುದ್ ಮರಾಯ್ರೆ. ಸುಮ್ನೆ ಇದ್ದವ ಸಂಜಿವರೆಗೂ ಸುಮ್ನೆ ಇರ್ಕ್. ನಿಮ್ ಅಳಿಯನ್ನ ಕಾಣಿ, ನಿನ್ನೆ ಐಸಿಲ್ದೆ ಮೀನ್ ಹಾಳ್ ಮಾಡ್ಕಂಡ.”

ಅಂದು ಉದಯನಿಗೇ ಹೇಳಿದೆ, ನೀನೂ ಸ್ವಲ್ಪ ದನಿ ಏರಿಸುವುದನ್ನು ಕಲಿ ಎಂದು. ಅವನು ಕಾಲು ತೊಳೆಯುತ್ತಿದ್ದವನು ತಲೆ ಎತ್ತಿ, “ನೀವೇ ಕಲ್ಸಿ ಮಾವ,” ಎಂದ. ಇಬ್ಬರೂ ನಕ್ಕೆವು. ಅಲ್ಲಿಗೇ ಬಿಟ್ಟೆವು.

ಅಕ್ಟೋಬರಿನ ಒಂದು ಬೆಳಿಗ್ಗೆ, ಹತ್ತು ಗಂಟೆಯ ಹೊತ್ತು. ಬಿಸಿಲಿತ್ತು, ಪಡುವಣದಲ್ಲಿ ಗಾಳಿ ಸ್ವಲ್ಪ ಜೋರು. ನಿರುಪಮಾ ಕೋಣೆಯ ಮೂಲೆಯಲ್ಲಿ ತಮ್ಮ ಕಂಪ್ಯೂಟರ್ ನೋಡುತ್ತಿದ್ದರು. ಪರದೆಯಲ್ಲಿ ಹದಿನೆಂಟು ಹೆಸರು. ನಾನು ಅಕ್ಷರ ಕೂಡಿಸಿ ಓದುವವನು. ಕೆಳಗೆ ಹದಿನೇಳನೆಯ ಹೆಸರು ಓದುವಾಗ ‘ಮಹಾಸತಿ’ ಎಂದಿತ್ತು. ಐಸಿಗಿರಬಹುದು ಎಂದುಕೊಂಡೆ. ಸ್ಪೀಕರಿನಲ್ಲಿ ಯಾರೋ ಹೊಸ ಹಗ್ಗಕ್ಕಾಗಿ ಬಿಕ್ಕಿ ಬಿಕ್ಕಿ ಅಳುತ್ತಿದ್ದ. ಮತ್ತೆ ನೋಡಿದಾಗ ಮಹಾಸತಿ ಹತ್ತೊಂಬತ್ತನೆಯದು. ಹಿಂದೆ ಬಂದವರೆಲ್ಲ ದಾಟಿ ಹೋಗಿದ್ದರು.

ಆಮೇಲೆ ಇಪ್ಪತ್ತನೆಯ ಸಾಲಿನಲ್ಲೂ ‘ಮಹಾಸತಿ’ ಎಂದು ಬಂತು.

ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಉದಯ ಒಂದು ಮಾತಿಗೆ ಎರಡು ಸಲ ಗುಂಡಿ ಒತ್ತುವವನಲ್ಲ.

“ಮೇಡಂ, ಇವ್ನದ್ ಒಂದ್ ತೆಗ್ದ್ ಕೇಳ್ಸಿ.”

ಅವರು ಎದ್ದು ಬಂದು ನೋಡಿದರು. “ತೂಕ ಬಹಳ ಕಡಿಮೆ ತೋರಿಸ್ತಿದೆ ಅಜ್ಜ. ಶಾಂತವಾಗಿದ್ದಾರೆ. ಏನೂ ಇರಲಿಕ್ಕಿಲ್ಲ.”

“ಅದ್ಕೇ ಹೇಳುದ್.”

ಅವರು ನನ್ನ ಮುಖ ನೋಡಿದರು. ಕೂಡಲೇ ಫೋನು ತೆಗೆದು ಮುಖ್ಯ ಕಚೇರಿಗೆ ಮಾಡಿದರು. ಸಾಲು ಒಡೆಯಲು ಅಲ್ಲಿಂದ ಒಪ್ಪಿಗೆ ಬೇಕು. ಫೋನಿನಲ್ಲಿ ಯಾವುದೋ ವಾದ್ಯ ಬಾರಿಸತೊಡಗಿತು. ಕಾಯಿರಿ ಎಂದಿತು. ಮತ್ತೆ ವಾದ್ಯ.

ನಾನು ಮೈಕ್ ಹಿಡಿದು, “ಎಲ್ಲರೂ ಗುಂಡಿ ಬಿಡಿ, ಮಹಾಸತಿಗೆ ದಾರಿ ಬಿಡಿ,” ಎಂದೆ. ಇಪ್ಪತ್ತೊಂದನೆಯವನಾಗಿ ನಿಂತೆ. ಮತ್ತೆ ಹಿಡಿದು, ಬದುಕಿನಲ್ಲಿ ಮೊದಲ ಸಲ, ಕೂಗಿದೆ. ಗಂಟಲು ಹರಿಯುವಷ್ಟು ಕೂಗಿದೆ. ನನ್ನ ಹೆಸರಿನ ಮುಂದೆ ಕೆಂಪು ಅಕ್ಷರ ಬಿತ್ತು, ನಟನೆ. ಆ ಹೊತ್ತಿಗೆ ನನ್ನ ಅಂಗಾಲು ತಣ್ಣಗಾಗಿತ್ತು, ಕೈ ಮರಗಟ್ಟಿತ್ತು. ಆದರೆ ನನಗೆ ಹೆದರಿಕೆಯಾದರೆ ದನಿ ಇಳಿಯುತ್ತದೆ. ಮೂವತ್ತೊಂದು ವರ್ಷ ಹಾಗೆ ಪಳಗಿಸಿದ ದನಿ. ಅದು ಯಂತ್ರಕ್ಕೆ ಹೇಗೆ ಗೊತ್ತಾಗಬೇಕು?

ಪರದೆಯಲ್ಲಿ ಮೂರನೆಯ ‘ಮಹಾಸತಿ’ ಬಂತು.

ಕಿಟಕಿಯಾಚೆ ಸಂಘದ ಅಂಗಳದಲ್ಲಿ ಹೆಂಗಸರು ಮೀನು ಒಣಗಿಸುತ್ತಿದ್ದರು. ಅವರಲ್ಲಿ ಪದ್ದು ಇದ್ದಳು, ಸೆರಗು ತಲೆಗೆ ಹಾಕಿ ಕಾಗೆ ಓಡಿಸುತ್ತಿದ್ದಳು.

ವಯರ್‌ಲೆಸ್ಸಿನಲ್ಲಿ ಕೂತವನಿಗೆ ಒಂದು ಕಟ್ಟಳೆ ಇದೆ. ಬೋಟಿನ ಕೆಟ್ಟ ಸುದ್ದಿ ಖಚಿತವಾಗುವವರೆಗೆ ಮನೆಯವರಿಗೆ ಹೇಳಬಾರದು, ಮುಖದಲ್ಲಿ ಕಾಣಿಸಲೂ ಬಾರದು. ಅನುಮಾನದ ದಿನಗಳಲ್ಲಿ ನಾನು ಮನೆಗೆ ಹಿಂಬದಿಯ ದಾರಿಯಿಂದ ಹೋಗುತ್ತಿದ್ದೆ, ಯಾರ ಹೆಂಡತಿಯೂ ಎದುರು ಸಿಗದಿರಲಿ ಎಂದು. ಅಂಥವನು ಕಿಟಕಿಯಿಂದ, “ಪದ್ದು, ಬಾ ಇಲ್ಲಿ,” ಎಂದು ಕರೆದೆ.

ನಿರುಪಮಾ ಅವರಿಗೆ ಅರ್ಥವಾಯಿತು. ಫೋನು ಕಿವಿಗೆ ಹಿಡಿದೇ, “ಬೇಡ ಅಜ್ಜ,” ಎಂದರು.

“ಮೈಕ್ ಹಿಡ್ಕಣಿ,” ಎಂದೆ. ಅವರು ಫೋನು ಇಟ್ಟು ಮೈಕ್ ಹಿಡಿದರು, ಗುಂಡಿ ಒತ್ತಿದರು.

ಪದ್ದು ಕೈ ಒರೆಸುತ್ತ ಬಾಗಿಲಲ್ಲಿ ನಿಂತಳು. “ಎಂತ ಅಣ್ಣ? ಉಂಡಾಯ್ತಾ?”

“ಉದಯನ ಬೋಟ್ ಮುಳುಗ್ತಾ ಇತ್ತ್. ಅವ ಕರೀತಾ ಇದ್ದ. ಯಾರಿಗೂ ಕೇಣ್ತಿಲ್ಲೆ.”

ಬೋಟು ಮುಳುಗುತ್ತಿದೆಯೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿದ್ದಂತೆ ಹೇಳಿದೆ. ಅವಳು ಮೊದಲು ನಕ್ಕಳು, ತಮಾಷೆ ಎಂದುಕೊಂಡು. ಆಮೇಲೆ ನನ್ನ ಮುಖ ನೋಡಿದಳು. ಆಗ ಬಂದ ಕೂಗನ್ನು ನಾನು ಮಾತಿನಲ್ಲಿ ಹೇಳಲಾರೆ. ಅದರಲ್ಲಿ ಮಗನ ಹೆಸರು ಇತ್ತು ಎನ್ನಬಹುದು, ಅಷ್ಟೇ.

ಪುಕ್ಕಲ ಒಂದು ಗಳಿಗೆಯೂ ತಡಮಾಡಲಿಲ್ಲ. ಅಳುತ್ತಿದ್ದವನ ಮಾತನ್ನು ನಡುವೆಯೇ ಕಡಿದು, ತಾಯಿಯ ಕೂಗನ್ನು ಮುನ್ನೂರು ಬೋಟಿಗೂ ಬಿಟ್ಟ.

ಚಾನೆಲ್ ಮೌನವಾಯಿತು. ಹೆಂಗಸಿನ ದನಿ ಅದರಲ್ಲಿ ಯಾವತ್ತೂ ಬಂದದ್ದಿಲ್ಲ. ಪದ್ದುವಿನ ಮಗ ಯಾರು ಎಂದು ಗೊತ್ತಿಲ್ಲದವರು ನಮ್ಮ ಕಡಲಿನಲ್ಲಿ ಇಲ್ಲ. ಸಾಲಿನಲ್ಲಿ ಇಟ್ಟ ಮಾತನ್ನು ಬೇಡವೆಂದರೆ ಹಿಂದೆ ತೆಗೆದುಕೊಳ್ಳಲು ಸೆಟ್ಟಿನಲ್ಲಿ ಒಂದು ಗುಂಡಿ ಇದೆ, ಯಾರೂ ಅದನ್ನು ಮುಟ್ಟಿದ್ದು ನಾನು ಕಂಡಿರಲಿಲ್ಲ. ಪರದೆಯಲ್ಲಿ ಒಂದು ಹೆಸರು ಅಳಿಯಿತು. ಮತ್ತೊಂದು. ಹದಿನಾರು, ಹನ್ನೊಂದು, ಆರು. ಕೊನೆಗೆ ನನ್ನ ಹೆಸರನ್ನೂ ತೆಗೆದೆ. ಮೂರು ಮಹಾಸತಿ ಉಳಿದವು.

ಸ್ಪೀಕರಿನಲ್ಲಿ ಉದಯ ಬಂದ. ಅಂಗಡಿಯಲ್ಲಿ ಬೆಲ್ಲ ಕೇಳುವ ದನಿ.

“ಮಹಾಸತಿ. ಅಳಿವೆಯಿಂದ ಬಡಗು-ಪಡು ಇಪ್ಪತ್ತಾರ್ ಮೈಲ್. ಅಡಿ ಹಲಗಿ ಬಿಟ್ಟಿತ್, ಇಂಜಿನ್ ಕೋಣಿಗ್ ನೀರ್ ಬತ್ತಾ ಇತ್ತ್. ಒಂಬತ್ತ್ ಜನ. ಅಪಾಯದ್ ಕೆಂಪ್ ಗುಂಡಿ ಒತ್ತಿ ಆಯ್ತ್, ದೀಪ ಹತ್ಲಿಲ್ಲೆ. ಹತ್ರ ಇಪ್ಪವ್ರ್ ಬನ್ನಿ.”

ಪದ್ದು ಅಳು ನಿಲ್ಲಿಸಿ, “ಬದ್ಕಿದ್ದ! ಅಣ್ಣ, ಬದ್ಕಿದ್ದ!” ಎಂದು ನನ್ನ ತೋಳು ಹಿಡಿದಳು. ಆ ಮಾತು ಹದಿನಾಲ್ಕು ನಿಮಿಷ ಹಳೆಯದು ಎಂದು ನಾನು ಹೇಳಲಿಲ್ಲ. ಎರಡನೆಯದು ಬಂತು.

“ಮಹಾಸತಿ. ಪಂಪ್ ನಿಂತಿತ್. ಬ್ಯಾಟ್ರಿಗೆ ನೀರ್ ಮುಟ್ಟುಕ್ ಒಂದ್ ಗೇಣ್ ಇತ್ತ್. ಖಾಲಿ ಕ್ಯಾನ್ ಮೈಗ್ ಕಟ್ಕಂಡ್ ನೀರಿಗ್ ಹಾರ್ತ್.”

ಮೂರನೆಯದರಲ್ಲಿ ದನಿ ಇನ್ನೂ ಇಳಿದಿತ್ತು.

“ಮಾವ, ಇದ್ ಕೊನಿದ್. ಅಡ್ಗಿ ಮಾಡುವ ಲಚ್ಮಣ ಕೆಳ್ಗ್ ಹೋಯಿದ್ದ, ಮೇಲ್ ಬರ್ಲಿಲ್ಲೆ. ನಾ ಇಳ್ದ್ ಕಾಂತೆ.”

ಆಮೇಲೆ ಏನೂ ಇಲ್ಲ. ಮೂರು ಉಸಿರು, ಆರು ಉಸಿರು. ಆಮೇಲೆ ಶೇಷುವಿನ ದನಿ, ಅಳು ಇಲ್ಲದೆ, ಒಣಗಿದ ದನಿ. “ಜಲದುರ್ಗೆ. ಮೂರ್ ಮೈಲ್ ಇತ್ತ್. ಬಲೆ ಕಡ್ದ್ ಬಿಟ್ಟಿದೆ. ಹೋತಾ ಇದ್ದೆ.”

ಮೂರು ಮೈಲು. ಆ ಹದಿನಾಲ್ಕು ನಿಮಿಷದಲ್ಲಿ ಎರಡು ಸಲ ಅವನು ಐಸು ಕೇಳಿದ್ದ.

ಸಂಜೆ ಜಲದುರ್ಗೆ ಎಂಟು ಜನರನ್ನು ಬಂದರಿನ ದಕ್ಕೆಗೆ ತಂದಿತು. ಲಚ್ಮಣ ಇರಲಿಲ್ಲ. ಅವನು ಭಟ್ಕಳದ ಕಡೆಯವನು, ಈ ವರ್ಷವಷ್ಟೇ ಬೋಟಿಗೆ ಬಂದವನು. ಉದಯ ಎರಡು ಸಲ ಮುಳುಗಿ ಹುಡುಕಿದ್ದ, ಮೂರನೆಯ ಸಲ ಬೋಟೇ ಹೋಯಿತು. ಅವನು ಮೆಟ್ಟಿಲು ಹತ್ತಿ ಬಂದಾಗ ಪದ್ದು ಓಡಿ ಹೋದಳು. ತಬ್ಬಿಕೊಳ್ಳುತ್ತಾಳೆ ಎಂದುಕೊಂಡೆ. ಕೆನ್ನೆಗೆ ಬಾರಿಸಿದಳು.

“ಕೂಗುಕ್ ಎಂತ ದಾಡಿ ನಿಂಗೆ? ಹಪ್ಪಳಕ್ಕ್ ಮಕ್ಳ್ ಕೂಗ್ತೊ! ಸಾಯುಕ್ ಹೊರಟವ ಕೂಗುಕಾಗ್ದಾ?”

ಉದಯ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಒಳ್ಳೆಯದಿತ್ತು.

ಶೇಷು ಬೋಟಿನಿಂದ ಇಳಿಯಲಿಲ್ಲ. ಚುಕ್ಕಾಣಿಯ ಹತ್ತಿರ ಕೂತೇ ಇದ್ದ.

ನಾಲ್ಕು ದಿನದ ಮೇಲೆ ನಿರುಪಮಾ ವರದಿಯ ಕಾಗದ ತಂದರು. ನನಗೆ ಓದಿ ಹೇಳಿದರು. ಅತಿ ಹೆಚ್ಚು ತೂಕದ ಕರೆ ಬಂದದ್ದು ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ. ಪದ್ದುವಿನ ಆ ಕೂಗನ್ನು ದಾಟಿಸಲು ಯಂತ್ರ ತೆಗೆದುಕೊಂಡ ಸಮಯ ಎರಡು ಸೆಕೆಂಡು. ಯಂತ್ರ ಸರಿಯಾಗಿ ಕೆಲಸ ಮಾಡಿದೆ.

“ಎರಡ್ ಸೆಕೆಂಡಾ?” ಎಂದೆ.

“ಅದು ತಾನಾಗಿ ಬರೆದುಕೊಳ್ಳೋದು, ಅಜ್ಜ. ಸುಳ್ಳೇನಲ್ಲ,” ಎಂದರು. ಕಾಗದವನ್ನು ನನ್ನ ಮುಂದೆ ಇಟ್ಟು, “ಹದಿನಾಲ್ಕು ನಿಮಿಷ ಅಂತ ನಾನು ಬರೆದರೆ ಯಂತ್ರ ಇಳಿಸ್ತಾರೆ. ಇಳಿಸಿದರೆ ಮತ್ತೆ ಹಾಡು, ಗೊರಕೆ. ನೀವೇ ಅರ್ಜಿ ಕೊಟ್ಟಿದ್ರಿ,” ಎಂದರು.

ಅದೂ ಸುಳ್ಳಲ್ಲ. ಕಾಗದದ ಕೊನೆಗೆ, ‘ಕೋಣೆಯಲ್ಲಿ ಇದ್ದವರ ಅಭಿಪ್ರಾಯ’ ಎಂದು ಮೂರು ಗೆರೆ ಖಾಲಿ ಬಿಟ್ಟಿದ್ದರು. ನನಗೆ ಬರೆಯಲು ಹೊತ್ತು ಬೇಕು, ಮನೆಗೆ ಒಯ್ಯುತ್ತೇನೆ ಎಂದೆ.

ಆ ನಾಲ್ಕು ದಿನ ಪದ್ದು ನನ್ನ ಜೊತೆ ಮಾತಾಡಿರಲಿಲ್ಲ. ಮಧ್ಯಾಹ್ನ ಕುಚ್ಚಲಕ್ಕಿ ಗಂಜಿ ಬಡಿಸಿ, ಚಟ್ನಿ ಇಟ್ಟು, ಹೋಗದೆ ಎದುರು ಕೂತಳು. ಕಾಗದವನ್ನು ನೋಡಿ, ಏನು ಎಂದು ಕೇಳಿದಳು. ಹೇಳಿದೆ. ಎರಡು ಸೆಕೆಂಡು ಎಂಬುದನ್ನೂ ಹೇಳಿದೆ.

ಚಟ್ನಿಯ ಬಟ್ಟಲನ್ನು ನನ್ನ ಕಡೆ ಸರಿಸಿದಳು.

“ಲಚ್ಮಣನ ಅಬ್ಬಿ ನಿನ್ನೆ ಬಂದಿದ್ಲ್. ನನ್ ಹಾಂಗೇ ಇದ್ಲ್,” ಎಂದಳು. “ಆವತ್ತ್ ನಾ ಅಂಗಳದಗೆ ಇದ್ದೆ, ನೀ ಕರ್ದೆ. ಇನ್ನೊಂದ್ ಸಲ ಹೀಂಗೇ ಆರೆ ಯಾರ ಅಬ್ಬಿನ್ ಕರ್ದ್ ಕೂಗುಸ್ತೆ ಅಣ್ಣ?”

ಗಂಜಿ ತಣ್ಣಗಾಯಿತು. ಅವಳು ತಟ್ಟೆ ಎತ್ತಿಕೊಂಡು ಹೋದಳು.

ಸಂಜೆಯವರೆಗೆ ಕೂತು ಬರೆದೆ. ಒತ್ತಕ್ಷರ ತಪ್ಪಿದರೆ ಹೊಡೆದು ಮತ್ತೆ ಬರೆದೆ. ಮರುದಿನ ಬೆಳಿಗ್ಗೆ ಕೋಣೆಗೆ ಹೋದಾಗ ಚಾನೆಲ್ಲಿನಲ್ಲಿ ಒಬ್ಬ ಡೀಸೆಲ್ಲಿಗಾಗಿ ಅಳಲು ಸುರುಮಾಡಿದ್ದ. ಮಹಾಸತಿ ಮುಳುಗಿ ಐದು ದಿನವಷ್ಟೇ ಆಗಿತ್ತು. ಕಾಗದ ಕೊಟ್ಟೆ. ನಿರುಪಮಾ ಓದಿದರು. ಹದಿನಾಲ್ಕು ನಿಮಿಷ ಎಂದು ಒಂದು ಗೆರೆ, ಅದರ ಕೆಳಗೆ ನನ್ನ ತಂಗಿ ಕೇಳಿದ ಮಾತು, ಅವಳು ಕೇಳಿದ ಹಾಗೆಯೇ.

ಅವರು ಕನ್ನಡಕ ತೆಗೆದು ಮೇಜಿನ ಮೇಲೆ ಇಟ್ಟರು.

“ಈ ಜಾಗದಲ್ಲಿ ಪ್ರಶ್ನೆ ಬರೆಯೋ ಹಾಗಿಲ್ಲ, ಅಜ್ಜ. ತಗೊಳ್ಳೋದಿಲ್ಲ ಅವರು.”

“ಹಾಂಗಾರೆ ಮೇಡಂ,” ಎಂದು ಪೆನ್ನನ್ನು ಅವರ ಮುಂದೆ ಸರಿಸಿದೆ, “ಇನ್ನೊಂದ್ ಗೆರೆ ಖಾಲಿ ಇತ್ತ್. ಉತ್ತರ ನೀವ್ ಬರ್ದ್ ಕೊಡಿ.”